ತಲೆಗೆ ತಂತಿ, ಎದೆಗೆ ಬ್ಯಾಟರಿ

ಪಾರ್ಕಿನ್ಸನ್ಸ್ ಕಾಯಿಲೆಗೆ ಮಿದುಳಿನೊಳಗೆ ತಂತಿ ಇಳಿಸಿ ಕರೆಂಟು ಕೊಡುವ ಆಪರೇಷನ್ ನನಗಾಗಿದೆ. ಅದರ ಬಗ್ಗೆ ಕೇಳೋಕೆ ನನಗೆ ಫೋನ್ ಮಾಡುವವರ ಮೊದಲ ಪ್ರಶ್ನೆ ಒಂದೇ: "ಎಷ್ಟಾಯ್ತು?" ಎರಡನೆಯದು, "ತಲೆ ಕೊರೆಯುವಾಗ ಎಚ್ಚರ ಇದ್ರಂತಲ್ಲ, ನಿಜಾನಾ?" ಎರಡಕ್ಕೂ ಉತ್ತರ ಹೇಳುತ್ತೇನೆ. ಆದರೆ ಯಾರೂ ಕೇಳದ ಒಂದು ವಿಷಯವೇ ನನ್ನ ಪ್ರಕಾರ ಮುಖ್ಯ. ಆಪರೇಷನ್ ಒಂದು ದಿನದ ಕೆಲಸ. ಆಮೇಲೆ ಕರೆಂಟು ಎಲ್ಲಿಗೆ, ಎಷ್ಟು ಕೊಡಬೇಕು ಅಂತ ಹುಡುಕುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಅಷ್ಟು ತಾಳ್ಮೆ ಇಲ್ಲದವರು ಇದಕ್ಕೆ ಕೈ ಹಾಕದೇ ಇರುವುದು ವಾಸಿ.

ನಾನು ಕೋಲಾರದಲ್ಲಿ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ವಿಲ್ಲು, ಇದೇ ನನ್ನ ಜೀವನ. ಕಂಪ್ಯೂಟರ್ ಬಂದ ಮೇಲೂ ಕರಡು ಮಾತ್ರ ಕೈಯಲ್ಲೇ ಬರೆಯುತ್ತಿದ್ದೆ. ಹಾಗಾಗಿ ಕಾಯಿಲೆ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಕಾಗದದ ಮೇಲೆ. ಸಾಲು ಶುರು ಮಾಡುವಾಗ ಅಕ್ಷರ ಸರಿಯಾಗಿರುತ್ತಿತ್ತು. ಹೋಗ್ತಾ ಹೋಗ್ತಾ ಚಿಕ್ಕದಾಗಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಯಾವುದು ಕೊಂಬು, ಯಾವುದು ಒತ್ತು ಅಂತ ನನಗೇ ತಿಳಿಯುತ್ತಿರಲಿಲ್ಲ. ಒಂದು ಚೆಕ್ಕು ಬ್ಯಾಂಕಿನಿಂದ ವಾಪಸ್ ಬಂತು, ಸಹಿ ತಾಳೆ ಆಗುತ್ತಿಲ್ಲ ಅಂತ. ಸಹಿ ಹಾಕಿಸುವುದೇ ಕಸುಬಾದವನಿಗೆ ಹೀಗಾದರೆ ಹೇಗಿರುತ್ತೆ ಹೇಳಿ.

ಅದಕ್ಕೂ ಮೊದಲು ಬಲಭುಜ ನೋಯುತ್ತಿತ್ತು. ಮೂಳೆ ಡಾಕ್ಟರೊಬ್ಬರು ಫ್ರೋಜನ್ ಶೋಲ್ಡರ್ ಅಂದು ವ್ಯಾಯಾಮ ಬರೆದುಕೊಟ್ಟಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಇಂಗಿನ ಒಗ್ಗರಣೆ ಸೀದು ಹೋದರೂ ನನ್ನ ಮೂಗಿಗೆ ಗೊತ್ತಾಗುತ್ತಿರಲಿಲ್ಲ. ನಿದ್ದೆಯಲ್ಲಿ ಕೈಕಾಲು ಝಾಡಿಸಿ ಹೆಂಡತಿಗೆ ಒದೆಯುತ್ತಿದ್ದೆ. ಇವೆಲ್ಲ ಒಂದೇ ಕಾಯಿಲೆಯ ಮುನ್ಸೂಚನೆಗಳಾಗಿರಬಹುದು ಅಂತ ನರರೋಗ ತಜ್ಞರು ಹೇಳಿದ ಮೇಲೇ ನಮಗೆ ಗೊತ್ತಾಗಿದ್ದು. ಅವರು ಕಾರಿಡಾರಿನಲ್ಲಿ ನಡೆಸಿ ನೋಡಿದರು. ಎಡಗೈ ಬೀಸುತ್ತಿತ್ತು, ಬಲಗೈ ಬೀಸುತ್ತಿರಲಿಲ್ಲ. "ಪಾರ್ಕಿನ್ಸನ್ಸ್" ಅಂದರು. "ನನಗೆ ಕೈ ನಡುಗಲ್ವಲ್ಲ ಡಾಕ್ಟ್ರೇ" ಅಂದೆ. "ಎಲ್ಲರಿಗೂ ನಡುಕ ಇರಲ್ಲ" ಅಂದರು.

ಮಿದುಳಿನ ಆಳದಲ್ಲಿ, ಕೈಕಾಲು ಸಲೀಸಾಗಿ ಆಡಲು ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳಿವೆ. ಈ ಕಾಯಿಲೆಯಲ್ಲಿ ಅವು ಒಂದೊಂದಾಗಿ ಸಾಯುತ್ತವೆ. ಯಾಕೆ ಸಾಯುತ್ತವೆ ಅನ್ನುವುದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರವಾಗಿ ಬರೆದರು, ಅವರ ಹೆಸರೇ ಉಳಿಯಿತು. ನಮ್ಮ ಆಯುರ್ವೇದದವರು ಕಂಪವಾತ ಅನ್ನುತ್ತಾರೆ, ನಸುಗುನ್ನಿ ಬೀಜದ ಪುಡಿ ಕೊಡುತ್ತಾರೆ. ನಂಟರೊಬ್ಬರು ನನಗೂ ಒಂದು ಡಬ್ಬ ತಂದುಕೊಟ್ಟರು. ತಮಾಷೆ ಏನಪ್ಪ ಅಂದರೆ, ಮಿದುಳಿಗೆ ಹೋಗಿ ಡೋಪಮಿನ್ ಆಗುವ ಲೆವೊಡೋಪಾ ನಸುಗುನ್ನಿಯಲ್ಲಿ ನಿಜವಾಗಲೂ ಇದೆ. ನಾನು ನುಂಗುವ ಮಾತ್ರೆಯಲ್ಲಿ ಇರುವುದೂ ಅದೇ. "ಪುಡಿಯಲ್ಲಿ ಎಷ್ಟು ಇದೆ ಅಂತ ಅಳತೆ ಸಿಗಲ್ಲ, ಮಾತ್ರೆ ಜೊತೆ ಸೇರಿಸಬೇಡಿ" ಅಂತ ಡಾಕ್ಟರು ಹೇಳಿದ್ದಕ್ಕೆ ಡಬ್ಬ ಹಾಗೇ ಉಳಿಯಿತು.

ಮೊದಲ ಕೆಲವು ವರ್ಷ ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು. ದಿನಕ್ಕೆ ಮೂರು ನುಂಗಿ ಆಫೀಸಿಗೆ ಹೋಗಿ ಬರುತ್ತಿದ್ದೆ. ಎಷ್ಟೋ ಜನಕ್ಕೆ ನನಗೆ ಕಾಯಿಲೆ ಇದೆ ಅಂತಲೇ ಗೊತ್ತಿರಲಿಲ್ಲ. ಆಮೇಲೆ ಮಾತ್ರೆಯ ಪರಿಣಾಮ ಬೇಗ ಇಳಿಯತೊಡಗಿತು. ನಾಲ್ಕು ಗಂಟೆ ಇದ್ದದ್ದು ಮೂರಾಯಿತು, ಕೊನೆಗೆ ಎರಡಾಯಿತು. ಮಾತ್ರೆ ಹಿಡಿದಿರುವ ಹೊತ್ತಿಗೆ ನಾವು ಆನ್ ಅನ್ನುತ್ತೇವೆ, ಇಳಿದ ಹೊತ್ತಿಗೆ ಆಫ್. ಆಫ್ ಆದಾಗ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಹೆಂಡತಿ ಎದ್ದು ಬಂದು ಹೊರಳಿಸಬೇಕಿತ್ತು. ಬಾಗಿಲ ಹೊಸ್ತಿಲ ಹತ್ತಿರ ಬಂದರೆ ಕಾಲು ಕಿತ್ತಿಡಲು ಆಗುತ್ತಿರಲಿಲ್ಲ. ವಿಚಿತ್ರ ನೋಡಿ, ನೆಲದಲ್ಲಿ ಅಡ್ಡ ಗೆರೆ ಇದ್ದರೆ ಅದನ್ನು ದಾಟಿ ಹೆಜ್ಜೆ ಇಡಬಹುದಿತ್ತು. ಮಗಳು ಅಡುಗೆಮನೆಯಿಂದ ಬಚ್ಚಲಿನವರೆಗೆ ಬಣ್ಣದ ಟೇಪು ಅಂಟಿಸಿಬಿಟ್ಟಳು.

ಆನ್ ಆದಾಗಲೂ ನೆಮ್ಮದಿ ಇರಲಿಲ್ಲ. ಮಾತ್ರೆ ಜಾಸ್ತಿಯಾಗಿ ಮೈಯೆಲ್ಲ ತಾನಾಗಿ ಓಲಾಡುತ್ತಿತ್ತು. ಇದಕ್ಕೆ ಡಿಸ್ಕೈನೇಸಿಯಾ ಅಂತ ಹೆಸರು. ಆಫೀಸಿನ ಮುಂದೆ ಯಾರೋ ಹಳ್ಳಿಯವರು ನನ್ನನ್ನು ನೋಡಿ, "ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕೊಂಡು ಬಂದವ್ರೆ" ಅಂದಿದ್ದು ಕಿವಿಗೆ ಬಿತ್ತು.

ಊಟವೂ ಲೆಕ್ಕದ ಮೇಲೆ. ಬೇಳೆಕಾಳಿನಲ್ಲಿ, ಮಾಂಸದಲ್ಲಿ ಇರುವ ಪ್ರೋಟೀನು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾ ಜೊತೆ ದಾರಿಗೆ ಪೈಪೋಟಿ ಮಾಡುತ್ತದೆ. ಹಾಗಾಗಿ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಯಾದರೂ ಮುಂಚೆ ತೊಗೋಬೇಕು. ನಮ್ಮ ಕಡೆ ಚಳಿಗಾಲ ಅಂದರೆ ಅವರೆಕಾಯಿ ಕಾಲ. ಮುದ್ದೆ, ಹಿತಕಿದ ಬೇಳೆ ಸಾರು ಉಂಡ ಮಧ್ಯಾಹ್ನವೆಲ್ಲ ಮಾತ್ರೆ ಹತ್ತುತ್ತಲೇ ಇರಲಿಲ್ಲ. ಕೊನೆಗೆ ಅವರೆಯನ್ನು ರಾತ್ರಿಗೆ ಇಟ್ಟುಕೊಂಡೆ. ಬಿಡಲಂತೂ ಇಲ್ಲ.

ಹೀಗೆ ಇರುವಾಗಲೇ ಡಾಕ್ಟರು ಡಿಬಿಎಸ್ ಮಾತು ತೆಗೆದರು. ಡೀಪ್ ಬ್ರೈನ್ ಸ್ಟಿಮ್ಯುಲೇಶನ್. ಮಿದುಳಿನ ಆಳಕ್ಕೆ ಎರಡೂ ಕಡೆ ಒಂದೊಂದು ಸಣ್ಣ ತಂತಿ ಇಳಿಸಿ, ಚರ್ಮದ ಒಳಗಿಂದಲೇ ಕಿವಿಯ ಹಿಂದೆ, ಕುತ್ತಿಗೆಯಲ್ಲಿ ತಂದು, ಕಾಲರ್ ಮೂಳೆಯ ಕೆಳಗೆ ಹೂತಿಟ್ಟ ಬ್ಯಾಟರಿಗೆ ಜೋಡಿಸುತ್ತಾರೆ. ಬ್ಯಾಟರಿಯಿಂದ ಹಗಲೂ ರಾತ್ರಿ ಸಣ್ಣ ಕರೆಂಟು ಹೋಗುತ್ತಿರುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಆಲಿಂ ಲೂಯಿ ಬೆನಾಬಿದ್ ಅನ್ನುವ ನರಶಸ್ತ್ರತಜ್ಞರು 1987ರಲ್ಲಿ ಇದನ್ನು ಶುರು ಮಾಡಿದ್ದಂತೆ. ಆಗ ನಡುಕ ನಿಲ್ಲಿಸೋಕೆ ಮಿದುಳಿನ ಒಂದು ಚುಕ್ಕೆಯನ್ನು ಸುಟ್ಟೇ ಬಿಡುತ್ತಿದ್ದರು. ಸುಡುವ ಮುಂಚೆ ಜಾಗ ಸರಿಯಿದೆಯಾ ಅಂತ ಕರೆಂಟು ಕೊಟ್ಟು ನೋಡುವುದು ರೂಢಿ. ಸೆಕೆಂಡಿಗೆ ನೂರು ಸಲದ ಆಸುಪಾಸಿನ ವೇಗದಲ್ಲಿ ಮಿಡಿಯುವ ಕರೆಂಟು ಕೊಟ್ಟಾಗ ನಡುಕ ತಾನಾಗಿ ನಿಂತಿತು. ಹಾಗಿದ್ದ ಮೇಲೆ ಸುಡೋದ್ಯಾಕೆ, ಕರೆಂಟನ್ನೇ ಬಿಡೋಣ ಅಂತ ಆಯಿತು. ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2002ರಲ್ಲಿ ಪಾರ್ಕಿನ್ಸನ್ಸ್‌ಗೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ, ಖಾಸಗಿ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ನಾನು ಹೋಗಿದ್ದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ.

ಕೇಳಿದವರಿಗೆಲ್ಲ ಮಾಡುವುದಿಲ್ಲ. ಮೊದಲು ಪರೀಕ್ಷೆ. ಅದರಲ್ಲಿ ಒಂದನ್ನು ಮಾತ್ರ ಸ್ವಲ್ಪ ಹೇಳಬೇಕು. ಹಿಂದಿನ ರಾತ್ರಿಯಿಂದಲೇ ಮಾತ್ರೆ ಪೂರ್ತಿ ನಿಲ್ಲಿಸಿಬಿಡುತ್ತಾರೆ. ಬೆಳಿಗ್ಗೆ ಪೂರ್ತಿ ಆಫ್ ಆಗಿರುವಾಗ ಬೆರಳು ತಟ್ಟಿಸಿ, ಕೈಕಟ್ಟಿ ಕುರ್ಚಿಯಿಂದ ಏಳಿಸಿ, ನಡೆಸಿ, ಹಿಂದಿನಿಂದ ಭುಜ ಹಿಡಿದು ಎಳೆದು, ಒಂದೊಂದಕ್ಕೂ ಅಂಕ ಹಾಕುತ್ತಾರೆ. ವಿಡಿಯೋ ಮಾಡುತ್ತಾರೆ. ನಾನು ಕುರ್ಚಿಯಿಂದ ಏಳಲು ನೋಡಿ ನೋಡಿ ಸೋತು ಕೂತೆ. ಆಮೇಲೆ ಮಾಮೂಲಿಗಿಂತ ಜಾಸ್ತಿ ಮಾತ್ರೆ ಕೊಟ್ಟು, ಅದು ಹತ್ತಿದ ಮೇಲೆ ಇನ್ನೊಮ್ಮೆ ಅದೇ ಎಲ್ಲ. ಅಂಕದಲ್ಲಿ ಕನಿಷ್ಠ 30 ಪರ್ಸೆಂಟಾದರೂ ಸುಧಾರಣೆ ಕಾಣಬೇಕು. ನನಗೆ ಅರ್ಧಕ್ಕಿಂತ ಜಾಸ್ತಿ ಬಂತು.

ಡಾಕ್ಟರು ಎರಡೂ ವಿಡಿಯೋ ನಮಗೆ ತೋರಿಸಿ, ಎರಡನೆಯದರ ಮೇಲೆ ಬೆರಳಿಟ್ಟು ಹೇಳಿದರು: "ಇದು ನಿಮ್ಮ ಒಳ್ಳೆ ಹೊತ್ತು. ಆಪರೇಷನ್ ಇದಕ್ಕಿಂತ ಚೆನ್ನಾಗಿರೋದನ್ನ ಕೊಡಲ್ಲ. ಇದನ್ನೇ ದಿನದಲ್ಲಿ ಜಾಸ್ತಿ ಹೊತ್ತು ಕೊಡುತ್ತೆ. ಮಾತ್ರೆಗೆ ಬಗ್ಗದೇ ಇರೋದು ಕರೆಂಟಿಗೂ ಬಗ್ಗಲ್ಲ. ನಡುಕ ಒಂದಕ್ಕೆ ಮಾತ್ರ ರಿಯಾಯಿತಿ." ಮತ್ತೆ, ಕಾಯಿಲೆ ವಾಸಿಯಾಗಲ್ಲ, ಒಳಗೆ ಅದು ಮುಂದುವರಿಯುತ್ತಲೇ ಇರುತ್ತೆ ಅಂತಲೂ ಹೇಳಿದರು. ಇಷ್ಟು ನೇರವಾಗಿ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂದಿದ್ದು.

ಎಂಆರ್‌ಐ ಆಯಿತು. ನೆನಪಿನ ಪರೀಕ್ಷೆ ಆಯಿತು: ಗಡಿಯಾರ ಬರೆಯಿರಿ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಹೇಳ್ತೀರಿ, ಹೀಗೆ. ಮರೆವಿನ ಕಾಯಿಲೆ ಶುರುವಾಗಿದ್ದರೆ ಆಪರೇಷನ್ ಅದನ್ನು ಹೆಚ್ಚು ಮಾಡಬಹುದು, ಅದಕ್ಕೇ ಈ ಜಾಗ್ರತೆ. ಮನೋವೈದ್ಯರೂ ಮಾತಾಡಿಸಿದರು. ಅಪಾಯವನ್ನೂ ಬಿಡಿಸಿ ಹೇಳಿದರು. ಮಿದುಳಿನಲ್ಲಿ ರಕ್ತಸ್ರಾವ ಆಗುವುದು ನೂರರಲ್ಲಿ ಒಬ್ಬಿಬ್ಬರಿಗೆ, ಸೋಂಕು ಅದಕ್ಕಿಂತ ಸ್ವಲ್ಪ ಜಾಸ್ತಿ. ಸೋಂಕಾದರೆ ಕೆಲವೊಮ್ಮೆ ಎಲ್ಲವನ್ನೂ ತೆಗೆಯಬೇಕಾಗುತ್ತೆ. ಹೆಂಡತಿ ಅವತ್ತು ಸಂಜೆಯೇ ಕೋಲಾರಮ್ಮನಿಗೆ ಹರಕೆ ಕಟ್ಟಿಕೊಂಡಳು.

ಈಗ ದುಡ್ಡಿನ ವಿಷಯ. ಎಲ್ಲ ಸೇರಿ 15 ಲಕ್ಷ ದಾಟಿತು. ಬಿಲ್ಲಿನ ಬಹುಪಾಲು ಉಪಕರಣದ್ದೇ. ಮಗಳ ಕಂಪನಿ ಇನ್ಶೂರೆನ್ಸ್‌ನಲ್ಲಿ ಒಂದು ಪಾಲು ಬಂತು, ಉಳಿದಿದ್ದಕ್ಕೆ ಟಮಕದ ಕಡೆ ಇದ್ದ ಒಂದು ಸೈಟು ಮಾರಿದೆ. ಆ ಕ್ರಯಪತ್ರವನ್ನು ಪಕ್ಕದ ಮೇಜಿನವರು ಬರೆದುಕೊಟ್ಟರು, ಫೀಸು ತೊಗೊಳ್ಳಲಿಲ್ಲ. ಸಬ್ ರಿಜಿಸ್ಟ್ರಾರ್ ಮುಂದೆ ಫೋಟೋಗೆ ಕೂತರೆ ಮೈ ಓಲಾಡಿ ಫೋಟೋ ಅಲ್ಲಾಡಿಹೋಗುತ್ತಿತ್ತು. ಆಪರೇಟರ್ ಹುಡುಗ "ಸ್ವಲ್ಪ ಸುಮ್ನೆ ಕೂತ್ಕೊಳ್ಳಿ ಸರ್" ಅಂತಾನೆ. ಸುಮ್ನೆ ಕೂರೋಕಾಗಿದ್ದರೆ ಸೈಟು ಯಾಕಪ್ಪ ಮಾರ್ತಿದ್ದೆ?

ಬ್ಯಾಟರಿಯಲ್ಲಿ ಎರಡು ಬಗೆ. ಚಾರ್ಜ್ ಮಾಡದೇ ಇರುವುದು ಮೂರರಿಂದ ಐದು ವರ್ಷ ಬರುತ್ತೆ, ಆಮೇಲೆ ಎದೆ ಕೊಯ್ದು ಹೊಸದು ಹಾಕಬೇಕು, ಅದಕ್ಕೆ ಮತ್ತೆ ಲಕ್ಷಗಟ್ಟಲೆ. ಚಾರ್ಜ್ ಮಾಡುವುದು 15 ವರ್ಷವೋ ಅದಕ್ಕಿಂತ ಜಾಸ್ತಿಯೋ ಬರುತ್ತೆ, ಆದರೆ ಮೊದಲಿಗೇ ಬೆಲೆ ಜಾಸ್ತಿ. ವಯಸ್ಸಾದವರಿಗೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರಿಗೆ ಮೊದಲನೆಯದೇ ಸರಿ ಅಂತ ನನ್ನ ಅಭಿಪ್ರಾಯ. ಚಾರ್ಜ್ ಮಾಡಲು ಮರೆತರೆ ಒಂದೇ ಸಲ ಪೂರ್ತಿ ಆಫ್ ಆಗಿ ಬಿದ್ದುಬಿಡುತ್ತೀರಿ. ನನಗಿನ್ನೂ ಅರವತ್ತು ಆಗಿರಲಿಲ್ಲ, ಎರಡನೆಯದನ್ನೇ ತೊಗೊಂಡೆ. ವಾರಕ್ಕೊಂದು ಸಲ, ಭಾನುವಾರ ಟಿವಿ ಮುಂದೆ ಕೂತು, ಎದೆಯ ಮೇಲೆ ಚಾರ್ಜರ್ ಇಟ್ಟುಕೊಳ್ಳುತ್ತೇನೆ. ತಂತಿ ಚುಚ್ಚುವುದೇನಿಲ್ಲ, ಅಂಗಿಯ ಮೇಲಿಂದಲೇ ಚಾರ್ಜ್ ಆಗುತ್ತೆ.

ಆಪರೇಷನ್ ಹಿಂದಿನ ದಿನ ತಲೆ ಬೋಳಿಸಿದರು. ಬೆಳಿಗ್ಗೆ ಮಾತ್ರೆ ಇಲ್ಲ, ಕಾಯಿಲೆಯ ಲಕ್ಷಣ ಕಾಣುತ್ತಿದ್ದರೇ ಕರೆಂಟಿನ ಪರಿಣಾಮ ತಿಳಿಯುವುದು. ತಲೆಗೆ ಒಂದು ಲೋಹದ ಚೌಕಟ್ಟು ಕೂರಿಸಿ ನಾಲ್ಕು ಕಡೆ ಸ್ಕ್ರೂ ಬಿಗಿದರು. ಮರಗಟ್ಟುವ ಇಂಜೆಕ್ಷನ್ ಕೊಡುವಾಗ ಉರಿ, ಆಮೇಲೆ ಬರೀ ಬಿಗಿತ. ನನ್ನನ್ನು ಕೇಳಿದರೆ ಇಡೀ ದಿನದಲ್ಲಿ ಕಷ್ಟ ಅನಿಸಿದ್ದು ಅದೊಂದೇ. ಚೌಕಟ್ಟಿನ ಸಮೇತ ಸಿಟಿ ಸ್ಕ್ಯಾನ್ ಮಾಡಿ, ಅದನ್ನು ಹಳೆಯ ಎಂಆರ್‌ಐ ಮೇಲೆ ಕೂರಿಸಿ, ಕಂಪ್ಯೂಟರಿನಲ್ಲಿ ದಾರಿ ಗುರುತು ಮಾಡುತ್ತಾರೆ. ಗುರಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನುವ ಜಾಗ, ಅಳತೆ ಕೆಲವೇ ಮಿಲಿಮೀಟರ್. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಕೆಲಸ ಕೆಟ್ಟಂತೆ.

ಕೊರೆಯುವಾಗ ಎಚ್ಚರ ಇತ್ತು, ಹೌದು. ಸದ್ದು ತಲೆಬುರುಡೆಯೊಳಗೇ ಆಗುತ್ತೆ, ಹಲ್ಲೆಲ್ಲ ಅದುರುತ್ತೆ. ನೋವಿಲ್ಲ. ಮಿದುಳಿಗೆ ನೋವು ತಿಳಿಯುವ ಶಕ್ತಿಯೇ ಇಲ್ಲವಂತೆ. ಕೆಲವು ಕಡೆ ಈಗ ಪೂರ್ತಿ ಮಂಪರಿನಲ್ಲೂ ಮಾಡುತ್ತಾರೆ. ನನಗೆ ಎಚ್ಚರದಲ್ಲೇ ಮಾಡಿದರು. ಕೂದಲೆಳೆಯಷ್ಟು ತೆಳು ತುದಿಯ ಎಲೆಕ್ಟ್ರೋಡನ್ನು ಇಷ್ಟಿಷ್ಟೇ ಇಳಿಸುತ್ತಾ, ಅಲ್ಲಿನ ನರಕೋಶಗಳ ಸದ್ದನ್ನು ಸ್ಪೀಕರಿನಲ್ಲಿ ಕೇಳುತ್ತಿದ್ದರು. ಸ್ಟೇಷನ್ ಸಿಗದ ರೇಡಿಯೋ ಹಾಗೆ ಬರೀ ಗೊರಗೊರ. ಒಂದು ಕಡೆ ಸದ್ದು ಇದ್ದಕ್ಕಿದ್ದ ಹಾಗೆ ಜೋರಾಯಿತು. "ಬಂತು, ಇಲ್ಲೇ" ಅಂದರು ಯಾರೋ. ನನ್ನ ಮಿದುಳಿನ ಸದ್ದು ನಾನೇ ಕೇಳುತ್ತಾ ಮಲಗಿದ್ದೆ.

ಆಮೇಲೆ ಆ ಜಾಗಕ್ಕೆ ಕರೆಂಟು ಬಿಟ್ಟು ನೋಡುವುದು. ಒಬ್ಬ ಡಾಕ್ಟರಮ್ಮ ನನ್ನ ಬಲ ಮಣಿಕಟ್ಟು ಹಿಡಿದು ಆಡಿಸುತ್ತಿದ್ದರು. ಬಿಗಿಯಾಗಿ ತಡೆದು ತಡೆದು ತಿರುಗುತ್ತಿದ್ದ ಮಣಿಕಟ್ಟು, ನಾನು ನೋಡ್ತಾ ಇರುವಾಗಲೇ ಸಡಿಲವಾಯಿತು. ಬೆರಳು ತಟ್ಟಿ ಅಂದರು, ಟಪಟಪ ಅಂತ ತಟ್ಟಿದೆ. ಎಷ್ಟು ವರ್ಷವಾಗಿತ್ತೋ ಆ ಬೆರಳು ಹಾಗೆ ಆಡಿ. "ಈಗ ಏನಾದ್ರೂ ಮಾತಾಡ್ತಾ ಇರಿ ಸರ್, ನಿಲ್ಲಿಸಬೇಡಿ" ಅಂದರು. ಏನು ಮಾತಾಡೋದು? ಬಾಯಿಗೆ ಬಂದಿದ್ದು ಚಕ್ಕುಬಂದಿ. "ಪೂರ್ವಕ್ಕೆ ಸರ್ಕಾರಿ ರಸ್ತೆ, ಪಶ್ಚಿಮಕ್ಕೆ ಮುನಿಯಪ್ಪನವರ ಜಮೀನು, ಉತ್ತರಕ್ಕೆ ರಾಜಕಾಲುವೆ..." ಅಂತ ಶುರು ಮಾಡಿದೆ. ಅವರು ಕರೆಂಟು ಏರಿಸುತ್ತಾ ಹೋದರು. ದಕ್ಷಿಣಕ್ಕೆ ಬರುವಷ್ಟರಲ್ಲಿ ನಾಲಗೆ ದಪ್ಪವಾಗಿ, ತುಟಿಯ ಒಂದು ಕಡೆ ಸೆಳೆದು, ಮಾತು ತೊದಲಿತು. "ಸಾಕು, ಮಿತಿ ಗೊತ್ತಾಯ್ತು" ಅಂತ ಇಳಿಸಿದರು. ಲಾಭ ಎಷ್ಟಕ್ಕೆ ಶುರುವಾಗುತ್ತೆ, ತೊಂದರೆ ಎಷ್ಟಕ್ಕೆ ಶುರುವಾಗುತ್ತೆ, ಇವೆರಡರ ನಡುವೆ ಎಷ್ಟು ಜಾಗ ಇದೆ, ಅದನ್ನೇ ಅವರು ಹುಡುಕುತ್ತಿದ್ದದ್ದು. ಇನ್ನೊಂದು ಕಡೆಗೂ ಹೀಗೇ ಆಯಿತು. ಕೊನೆಗೆ ಪೂರ್ತಿ ಮಂಪರು ಕೊಟ್ಟು ಎದೆಯಲ್ಲಿ ಬ್ಯಾಟರಿ ಕೂರಿಸಿದರು. ಅದು ನನಗೆ ಗೊತ್ತಿಲ್ಲ.

ಮಾರನೇ ದಿನ ನಾನೇ ಎದ್ದು ಬಚ್ಚಲಿಗೆ ಹೋದೆ. ಯಂತ್ರ ಇನ್ನೂ ಆನ್ ಮಾಡಿರಲಿಲ್ಲ! ಹೆಂಡತಿ ಅತ್ತೇಬಿಟ್ಟಳು. ಊರಿಂದ ಬಂದವರೆಲ್ಲ "ಪವಾಡ" ಅಂದರು. ಡಾಕ್ಟರು ಮಾತ್ರ ಜಾಸ್ತಿ ಖುಷಿ ಪಡಬೇಡಿ ಅಂದರು. ತಂತಿ ಇಳಿಯುವಾಗ ಆ ಜಾಗದಲ್ಲಿ ಸ್ವಲ್ಪ ಊತ ಬಂದು, ಅದೇ ಕೆಲವು ದಿನ ಚಿಕಿತ್ಸೆಯ ಹಾಗೆ ಕೆಲಸ ಮಾಡುತ್ತಂತೆ. ಊತ ಇಳಿದ ಹಾಗೆ ಹಳೆಯದೆಲ್ಲ ವಾಪಸ್ ಬಂತು. ಗೊತ್ತಿದ್ದರೂ ಮನಸ್ಸು ಕುಗ್ಗಿತು. "ಆಪರೇಷನ್ ಫೇಲಾಯ್ತಂತೆ" ಅಂತ ಆಫೀಸಿನ ಹತ್ತಿರ ಸುದ್ದಿಯೂ ಹಬ್ಬಿತು.

ಗಾಯ ಮಾಗಿದ ಮೇಲೆ, ಕೆಲವು ವಾರ ಬಿಟ್ಟು ಯಂತ್ರ ಆನ್ ಮಾಡಿದರು. ಮತ್ತೆ ಮಾತ್ರೆ ಬಿಟ್ಟು ಬೆಳಿಗ್ಗೆ ಹೋಗಬೇಕು. ಒಂದೊಂದು ತಂತಿಯ ತುದಿಯಲ್ಲೂ ಕರೆಂಟು ಬಿಡುವ ಬೇರೆ ಬೇರೆ ಬಿಂದುಗಳಿರುತ್ತವೆ. ಯಾವ ಬಿಂದು ಸರಿ ಅಂತ ಒಂದೊಂದನ್ನೇ ನೋಡುತ್ತಾರೆ. ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದ ಹುಡುಗಿ "ಈಗ ಹೇಗಿದೆ ಅಂಕಲ್? ಕೈ ಜುಂ ಅಂತಿದೆಯಾ? ಕಣ್ಣು ಮಂಜಾಯ್ತಾ?" ಅಂತ ಕೇಳುತ್ತಾ ಹೋಗುತ್ತಾಳೆ. ನನಗೆ ಸಿಕ್ಕ ಮೊದಲ ಸೆಟ್ಟಿಂಗು 130 ಹರ್ಟ್ಸ್, 60 ಮೈಕ್ರೋಸೆಕೆಂಡ್, ಅಂದರೆ ಕರೆಂಟು ಸೆಕೆಂಡಿಗೆ 130 ಸಲ ಮಿಡಿಯುತ್ತೆ, ಒಂದೊಂದು ಮಿಡಿತ ಅಷ್ಟು ಚಿಕ್ಕದು. ಬಹಳ ಜನಕ್ಕೆ ಇಲ್ಲಿಂದಲೇ ಶುರು ಮಾಡುತ್ತಾರೆ. ಕರೆಂಟನ್ನು ಮಾತ್ರ 0.1 ಮಿಲಿಆಂಪ್‌ನಂತೆ ಏರಿಸುತ್ತಾರೆ.

ಆಗಿನಿಂದ ಶುರುವಾಯಿತು ಕೋಲಾರ-ಬೆಂಗಳೂರು ಓಡಾಟ. ಒಂದು ಸೆಟ್ಟಿಂಗಿನಲ್ಲಿ ಕೈ ಚೆನ್ನಾಗಿ ಆಡಿತು, ಮಾತು ಅಸ್ಪಷ್ಟವಾಯಿತು. ಮಾತು ಸರಿಮಾಡಿದರೆ ಕಾಲು ಎಳೆಯಿತು. ಮಾತ್ರೆಯನ್ನೂ ಜೊತೆಗೇ ಇಳಿಸಬೇಕು, ಇಲ್ಲದಿದ್ದರೆ ಎರಡೂ ಸೇರಿ ಮೈ ಓಲಾಟ ಜಾಸ್ತಿ. ಬೇಗ ಇಳಿಸಿದರೆ ಇನ್ನೊಂದು ತೊಂದರೆ. ಒಂದು ಸಲ ಹಾಗಾಗಿ ನನಗೆ ಯಾವುದರಲ್ಲೂ ಆಸಕ್ತಿಯೇ ಇಲ್ಲದಂತಾಯಿತು. ಮೊಮ್ಮಗ ಬಂದರೂ ಮಾತಾಡಿಸದೆ ಕೂತಿರುತ್ತಿದ್ದೆ. "ಕೈಕಾಲು ಸರಿಯಾಯ್ತು, ಮನುಷ್ಯನೇ ಬೇರೆಯಾದ್ರು" ಅಂತ ಹೆಂಡತಿ ಡಾಕ್ಟರಿಗೆ ಹೇಳಿದಳು. ನಾನಾಗಿದ್ದರೆ ಹೇಳುತ್ತಲೇ ಇರಲಿಲ್ಲ. ಹೋಗುವಾಗ ಮನೆಯವರೊಬ್ಬರು ಜೊತೆಗಿರಲೇಬೇಕು ಅನ್ನುವುದು ಇದಕ್ಕೇ. ಮಾತ್ರೆ ಸ್ವಲ್ಪ ವಾಪಸ್ ಏರಿಸಿದ ಮೇಲೆ ಸರಿಹೋಯಿತು.

ಸುಮಾರು ಅರ್ಧ ವರ್ಷಕ್ಕೆ ಎಲ್ಲ ಒಂದು ಹದಕ್ಕೆ ಬಂತು. ಮಾತ್ರೆ ಅರ್ಧಕ್ಕೆ ಇಳಿದಿದೆ. ಓಲಾಟ ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿ ನಾನೇ ಮಗ್ಗುಲಾಗುತ್ತೇನೆ, ಹೆಂಡತಿಗೆ ನಿದ್ದೆ ಸಿಕ್ಕಿದೆ. ಗುಂಡಿ ಹಾಕಿಕೊಳ್ಳುತ್ತೇನೆ. ಆಫೀಸಿನ ಹತ್ತಿರ ಅರ್ಧ ದಿನ ಕೂರುತ್ತೇನೆ. ಮೈ ತೂಕ ಜಾಸ್ತಿಯಾಗಿದೆ, ಇದೂ ಈ ಚಿಕಿತ್ಸೆಯಲ್ಲಿ ಮಾಮೂಲಂತೆ. ವಾಸನೆ ವಾಪಸ್ ಬರಲಿಲ್ಲ. ಮಲಬದ್ಧತೆ ಹಾಗೇ ಇದೆ. ದನಿ ಮೊದಲಿಗಿಂತ ತಗ್ಗಿದೆ, ಗಲಾಟೆಯಲ್ಲಿ ನನ್ನ ಮಾತು ಯಾರಿಗೂ ಕೇಳಿಸುವುದಿಲ್ಲ. ಸ್ಪೀಚ್ ಥೆರಪಿಯವರು ಜೋರಾಗಿ ಓದಿಸುವ ಅಭ್ಯಾಸ ಕೊಟ್ಟಿದ್ದಾರೆ.

ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ ಹೇಳುತ್ತೇನೆ. ಈಚೆಗೆ ಸೊಂಟ ನೋವು ಅಂತ ಇಲ್ಲೇ ಒಂದು ಕಡೆ ಫಿಸಿಯೋಥೆರಪಿಗೆ ಹೋಗಿದ್ದೆ. "ಶಾಖ ಕೊಡೋಣ" ಅಂತ ಆ ಹುಡುಗ, ಅಲೆಗಳನ್ನು ಹಾಯಿಸಿ ಮೈಯೊಳಗೆ ಶಾಖ ಕೊಡುವ ಡಯಾಥರ್ಮಿ ಯಂತ್ರ ಎಳೆದು ತಂದ. ಡಿಬಿಎಸ್ ಆಗಿದೆ ಅಂತ ತಿಳಿಸುವ ಕಾರ್ಡು ಜೇಬಿನಲ್ಲಿತ್ತು, ತೆಗೆದು ತೋರಿಸಿದೆ. ಡಿಬಿಎಸ್ ಇರುವವರಿಗೆ ಡಯಾಥರ್ಮಿ ಕೊಡಲೇಬಾರದು, ಮೈಯಲ್ಲಿ ಎಲ್ಲಿಗೂ ಕೊಡಬಾರದು. ಅದರ ಶಕ್ತಿ ತಂತಿ ಹಿಡಿದು ಹೋಗಿ ಮಿದುಳಿನಲ್ಲಿರುವ ತುದಿಯನ್ನು ಕಾಯಿಸಿಬಿಡುತ್ತೆ. ಜೀವಕ್ಕೇ ಅಪಾಯ. ಪಾಪ, ಆ ಹುಡುಗನಿಗೆ ಡಿಬಿಎಸ್ ಅನ್ನುವುದೇ ಹೊಸದು. ಎಂಆರ್‌ಐ ಮಾಡಿಸಬೇಕಾದರೂ ಉಪಕರಣದ ಮಾಡೆಲ್ ನೋಡಿ, ಅದಕ್ಕೆ ಹೇಳಿದ ಷರತ್ತಿನಲ್ಲೇ ಮಾಡಬೇಕು. ಏರ್‌ಪೋರ್ಟಿನಲ್ಲಿ ಕಾರ್ಡು ತೋರಿಸಿದರೆ ಕೈಯಲ್ಲಿ ತಡವಿ ಒಳಗೆ ಬಿಡುತ್ತಾರೆ.

ನನಗೆ ಈಗ ಉಳಿದಿರುವ ದೊಡ್ಡ ತೊಂದರೆ ನಡಿಗೆ. ಕೈಗೆ ಆದಷ್ಟು ಗುಣ ಕಾಲಿಗೆ ಆಗಿಲ್ಲ. ಹೊಸ್ತಿಲ ಹತ್ತಿರ ಈಗಲೂ ಆಗಾಗ ಕಾಲು ನಿಂತುಬಿಡುತ್ತೆ, ಮಾತ್ರೆ ಹತ್ತಿದ್ದಾಗಲೂ. ಮಾತ್ರೆಗೆ ಬಗ್ಗದ್ದು ಕರೆಂಟಿಗೂ ಬಗ್ಗಲ್ಲ ಅಂದಿದ್ದರಲ್ಲ, ಆದರೂ ಈ ಬಗೆಯದಕ್ಕೆ ಕರೆಂಟಿನ ವೇಗವನ್ನು 130ರಿಂದ 60 ಹರ್ಟ್ಸ್‌ಗೆ ಇಳಿಸಿದರೆ ಕೆಲವರಿಗೆ ಅನುಕೂಲ ಆಗುತ್ತಂತೆ, ಆದರೆ ನಡುಕ ಇರುವವರಿಗೆ ಅದು ಜಾಸ್ತಿಯಾಗಬಹುದಂತೆ. ನನಗೆ ನಡುಕ ಮೊದಲಿಂದಲೂ ಇಲ್ಲವಲ್ಲ, ನೋಡೇ ಬಿಡೋಣ ಅಂದಿದ್ದಾರೆ. ಮುಂದಿನ ತಿಂಗಳು ಹೋಗಬೇಕು. ಮಗಳು ರಜೆ ಹಾಕಿದ್ದಾಳೆ.